ಕತ್ತರಿಸಿದ ವೈರು

ಸೈಕಲ್ ರಿಪೇರಿಯವನಿಗೆ ಸಿಟ್ಟು ಬಂದದ್ದು ಗಾಡಿ ಕೆಟ್ಟಿದ್ದಕ್ಕಲ್ಲ, ಅದನ್ನು ಸರಿಮಾಡಲು ಕಂಪನಿಯವರು ಕೇಳಿದ ದುಡ್ಡಿಗೆ. ಮಗಳು ಮನೆಮನೆಗೆ ಔಷಧಿ ತಲುಪಿಸಲೆಂದು ಕೊಂಡ ಎಲೆಕ್ಟ್ರಿಕ್ ಸೈಕಲ್ಲದು. ವಾರಂಟಿ ಮುಗಿದದ್ದೇ ತಡ, ಮುಷ್ಕರ ಹೂಡಿತ್ತು. ಬ್ರೇಕಿನೊಳಗಿನ ಸ್ವಿಚ್ಚು ಸಿಕ್ಕಿಕೊಂಡಿತ್ತು. ಬ್ರೇಕ್ ಹಿಡಿದೇ ಇದೆ ಅಂದುಕೊಂಡು ಮೋಟಾರು ಏಳುತ್ತಲೇ ಇರಲಿಲ್ಲ. ಅಷ್ಟಕ್ಕೆ ಹ್ಯಾಂಡಲಿನ ವೈರಿಂಗ್ ಪೂರ್ತಿ ಬದಲಿಸಬೇಕಂತೆ, ಗಾಡಿಯ ಅರ್ಧ ಬೆಲೆ ಸುರಿಯಬೇಕಂತೆ! ಹಗಲುದರೋಡೆ ಅಂದರೆ ಇದೇ ತಾನೆ?

"ನಾಳೆ ಗಾಡಿ ಇಲ್ದಿದ್ರೆ ಕೆಲಸ ಬೇರೆಯವರಿಗೆ ಕೊಡ್ತಾರಪ್ಪಾ," ಅಂದಳು ಮಗಳು.

"ಸುಮ್ನಿರೇ, ನಿಮ್ಮಪ್ಪ ಇನ್ನೂ ಸತ್ತಿಲ್ಲ. ಬ್ರೇಕ್ ಅಂದ್ರೆ ರಬ್ಬರು, ತಂತಿ. ಅದಕ್ಕೆ ಕರೆಂಟ್ ಯಾಕೆ?"

ಸ್ವಿಚ್ಚಿನ ವೈರು ಕತ್ತರಿಸಿ ತುದಿಗೆ ಟೇಪು ಸುತ್ತಿದ. ಮೋಟಾರು ಗುಂಯ್ ಅಂತ ಎದ್ದಿತು. ಬೀಗಿದ್ದೇ ಬೀಗಿದ್ದು, ಪುಣ್ಯಾತ್ಮ! ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿದ. ಬ್ರೇಕ್ ಹಿಡಿದ ಕ್ಷಣ ಮೋಟಾರು ನಿಲ್ಲಿಸುವುದೇ ಆ ವೈರಿನ ಕೆಲಸ ಎಂಬುದು ಪೆಡಲ್ ಸೈಕಲ್ಲುಗಳ ನಡುವೆಯೇ ತಲೆ ನೆರೆತವನಿಗೆ ಹೊಳೆಯಲೇ ಇಲ್ಲ.

ಮರುದಿನ ಇಳಿಜಾರಿನಲ್ಲಿ ಲಾರಿಯೊಂದು ಅಡ್ಡ ಬಂತು. ಗಾಬರಿಯಲ್ಲಿ ಮಗಳು ಬ್ರೇಕ್ ಹಿಡಿಯುವಾಗ ಆಕ್ಸಿಲರೇಟರೂ ತಿರುಗಿತು. ಗಾಡಿ ನಿಲ್ಲುವ ಬದಲು ಮುನ್ನುಗ್ಗಿತು. ಆಸ್ಪತ್ರೆಯಲ್ಲಿ ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕೆಲವು ದಿನಗಳ ಮೇಲೆ ಕಂಪನಿಯ ತನಿಖೆಯವನು ವಾರ್ಡಿಗೇ ಬಂದ. ಗಾಡಿಯದೇ ದೋಷವಾಗಿದ್ದರೆ ಕೃತಕ ಕಾಲಿನ ಖರ್ಚು ತಮ್ಮದು ಎಂದು ಕಂಪನಿಯವರು ಒಪ್ಪಿದ್ದರು. ಅಪ್ಪ ಮಂಚದ ಪಕ್ಕ ನಿಂತಿದ್ದ.

"ಬ್ರೇಕ್ ಸ್ವಿಚ್ಚಿನ ವೈರು ಯಾರೋ ಕತ್ತರಿಸಿದಾರೆ," ಅಂದ ತನಿಖೆಯವನು. "ಯಾವ ಮೆಕ್ಯಾನಿಕ್ಕು ಹೇಳಿ. ಕೇಸ್ ಹಾಕಿ ಅಂಗಡಿ ಮುಚ್ಚಿಸ್ತೀವಿ. ನಿಮ್ಮ ಖರ್ಚನ್ನೂ ಅವನ ಹತ್ರಾನೇ ವಸೂಲಿ ಮಾಡಬಹುದು."

ಮಗಳು ಅಪ್ಪನ ಕಡೆ ನೋಡಲಿಲ್ಲ.

"ಯಾವ ಮೆಕ್ಯಾನಿಕ್ಕೂ ಇಲ್ಲ ಸಾರ್. ನಾನೇ ಕತ್ತರಿಸ್ದೆ."

"ನೀವೇನಾ? ಹಾಗಿದ್ರೆ ನಮ್ಮಿಂದ ಬಿಡಿಗಾಸೂ ಸಿಗಲ್ಲ, ಗೊತ್ತಲ್ಲ?"

"ಗೊತ್ತು ಸಾರ್."

ಅವನು ಅಪ್ಪನ ಕಡೆ ತಿರುಗಿದ. "ನೀವು ಇವರ ತಂದೆ ಅಲ್ವಾ? ಮಗಳಿಗೆ ಸ್ವಲ್ಪ ಬುದ್ಧಿ ಹೇಳಬಾರದಾಗಿತ್ತಾ?"

ಬಾಯಿ ಬಿಡಯ್ಯಾ, ಈಗಲಾದರೂ! ನಾನೇ ಎನ್ನುವ ಮಾತು ಗಂಟಲವರೆಗೂ ಬಂತು. ಅಂಗಡಿಯೂ ಹೋದರೆ ಮಗಳಿಗೆ ಅನ್ನ ಹಾಕುವವರು ಯಾರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಹೇಳ್ದೆ ಸಾರ್," ಅಂದ. "ನನ್ನ ಮಾತು ಎಲ್ಲಿ ಕೇಳ್ತಾಳೆ?"