ಭೀಮಬಾಯಿ ತಡೆದ ಹೊಸ ನೀರು

ಮಂಠಾಳದ ಹಳ್ಳಕ್ಕೆ ವರ್ಷದ ಹೊಸ ನೀರು ಬಂತೆಂದರೆ ಹೆಂಗಸರೆಲ್ಲ ಸೇರಿ ಹಳ್ಳದವ್ವನಿಗೆ ಉಡಿ ತುಂಬುತ್ತಾರೆ. ಖಣ, ಹಸಿರು ಬಳೆ, ತೆಂಗಿನಕಾಯಿ, ಹಾಡು, ನಗು. ಎಲ್ಲರಿಗಿಂತ ಮುಂದೆ ಭೀಮಬಾಯಿ, ಆಕೆಯ ಮಗ್ಗುಲಿಗೆ ಗೆಳತಿ ಮೀನಾ. ಇಬ್ಬರೂ ಈ ಊರಿಗೆ ಸೊಸೆಯರಾಗಿ ಬಂದಾಗಿನಿಂದ ಹೀಗೇ ನಡೆದಿತ್ತು.

ಆದರೆ ಆ ಹೊಸ ನೀರೆಂಬುದು ಎಂಥ ನೀರು! ಮೊದಲ ಮಳೆಯನ್ನು ಒಣಗಿದ ಹೊಲಗಳೇ ಕುಡಿದುಬಿಡುತ್ತವೆ. ಹಳ್ಳಕ್ಕೆ ಇಳಿಯುವುದು ಬಜಾರದ ರಸ್ತೆ ತೊಳೆದ ನೀರು. ಗ್ಯಾರೇಜಿನ ಕರಿ ಎಣ್ಣೆ, ಖಾನಾವಳಿಯ ಮುಸುರೆ, ಬೆಳೆಗೆ ಔಷಧ ಹೊಡೆದು ಬಿಸಾಕಿದ ಡಬ್ಬಿ. ಹೋದ ವರ್ಷ ಅದನ್ನು ಕುಡಿದು ಭೀಮಬಾಯಿಯ ಆಡುಗಳು ಹೊಟ್ಟೆಯುಬ್ಬಿ ಸತ್ತವು. ಮೀನುಗಳು ಬೆಳ್ಳಗೆ ತೇಲಿದವು. ಯಾರಾದರೂ ಚಕಾರ ಎತ್ತಿದರೇ? ಊಹೂಂ.

ಈ ವರ್ಷ ಗಂಡ ಮಡೆಪ್ಪ ಕುರಿ ಹೊಡೆದುಕೊಂಡು ಹೋದವನು ಇನ್ನೂ ಮರಳಿರಲಿಲ್ಲ. ಆಕೆ ಒಬ್ಬಳೇ ಸಲಿಕೆ ಹಿಡಿದು, ರಸ್ತೆಯ ಮೋರಿಗೆ ಅಡ್ಡ ಒಡ್ಡು ಹಾಕಿ, ತನ್ನ ಬೀಳು ಹೊಲದತ್ತ ಕಾಲುವೆ ತೋಡಿದಳು. ಮಳೆ ಬಂತು. ಕೊಳಕೆಲ್ಲ ಆಕೆಯ ಹೊಲದ ತಗ್ಗಿನಲ್ಲಿ ನಿಂತಿತು. ಹೆಂಗಸರು ತಾಟು ಹಿಡಿದು ದಂಡೆಗೆ ಬಂದರೆ ಹಳ್ಳ ಒಣಗಿಯೇ ಇತ್ತು.

"ಹಳ್ಳದವ್ವನ ನೀರೇ ಕದ್ದೀಯಲ್ಲ, ಎಂಥ ಹೆಣ್ಣವಾ ನೀ!" ಎಂದಳು ಮೀನಾ.

"ಅದು ಅವ್ವನ ನೀರಲ್ಲ ಮೀನಾ, ಮೋರಿ ಹೊಲಸು. ಖರೇ ನೀರು ಹಿಂದಿಂದ ಬರ್ತೈತಿ. ಜರಾ ತಡೀರಿ."

"ಶುಭ ಕೆಲಸಕ್ಕ ಅಡ್ಡ ನಿಂತಿ. ಇನ್ನ ನಮ್ಮ ಜೋಡಿ ಬರಬ್ಯಾಡ."

ಅಂದಿನಿಂದ ಭೀಮಬಾಯಿಯನ್ನು ಯಾರೂ ಮಾತಾಡಿಸಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಮೀನಾ ಮುಖ ತಿರುಗಿಸಿದಳು. ಮನೆಯೊಳಗೆ ಒಬ್ಬಳೇ ರೊಟ್ಟಿ ಬಡಿದು ಒಬ್ಬಳೇ ಉಂಡಳು. ಹಾಳಾಗಿ ಹೋಗಲಿ, ಒಡ್ಡು ಒಡೆದೇ ಬಿಡಲೇ ಎಂದು ಎಷ್ಟೋ ಸಲ ಅನ್ನಿಸಿತು. ಒಡೆಯಲಿಲ್ಲ.

ದೊಡ್ಡ ಮಳೆಗಳಾಗಿ ಹೊಲಗಳು ತಣಿದವು. ಹಳ್ಳ ತುಂಬಿ ಹರಿದು, ನೀರು ತಿಳಿಯಾಯಿತು. ಹೆಂಗಸರು ಹಾಡುತ್ತ ಬಂದರು, ಆಕೆಯನ್ನು ಕರೆಯಲಿಲ್ಲ. ಭೀಮಬಾಯಿ ಆಚೆ ದಂಡೆಯ ಜಾಲಿಯ ಮರೆಯಲ್ಲಿ ನಿಂತಳು. ಮೀನಾ ಉಡಿ ತುಂಬಿ, ಬೊಗಸೆಯಲ್ಲಿ ನೀರೆತ್ತಿ ಕುಡಿದಳು.

"ಯವ್ವಾ, ಎಷ್ಟ ಛಲೋ ನೀರು! ಈ ಸಲ ಹಳ್ಳದವ್ವ ನಮ್ಮ ಮ್ಯಾಲ ಭಾಳ ಕರುಣಾ ತೋರ್ಯಾಳ."

'ಈ ನೀರು ಕಾಯ್ದಿದ್ದು ನಾನು ಮೀನಾ, ನಾನು' ಎಂದು ಕೂಗಬೇಕೆನ್ನಿಸಿತು ಭೀಮಬಾಯಿಗೆ. ಕೂಗಲಿಲ್ಲ. ಹಾಡು ಊರ ಕಡೆ ಹೋಯಿತು. ಗೆಳತಿಯ ಹೊಟ್ಟೆಗೆ ಒಳ್ಳೆಯ ನೀರು ಹೋಯಿತಲ್ಲ, ಅಷ್ಟು ಸಾಕು ಅಂದುಕೊಂಡಳು. ಸಾಕಾಗಲಿಲ್ಲ. ಅಲ್ಲೇ ಕುಳಿತು ಅತ್ತಳು.