ಎಂಗ, ನಂಗ

ದೊಡ್ಡವರಿಗೆ ನೂರೈವತ್ತು, ಮಕ್ಕಳಿಗೆ ನೂರು, ಈಜುಬಟ್ಟೆಯ ಬಾಡಿಗೆ ತಲೆಗೆ ಇಪ್ಪತ್ತು. ಮಗಳನ್ನು ಒಪ್ಪಿಸಲು ಇದೇನೂ ಹೆಚ್ಚಲ್ಲ ಎಂದುಕೊಳ್ಳುತ್ತ ವಿಘ್ನೇಶ್ವರ ಎತ್ತರದ ಜಾರುಬಂಡಿಯ ಮೆಟ್ಟಿಲು ಹತ್ತುತ್ತಿದ್ದ. ಮುಂದೆ ಹತ್ತು ವರ್ಷದ ಮಗಳು ಅಭಿಜ್ಞಾ, ಹಿಂದೆ ಹೆಂಡತಿ ವೇದಾ. ಯಲ್ಲಾಪುರ ರಸ್ತೆಯ ಈ ನೀರಿನ ಪಾರ್ಕು ತೆರೆದು ಇನ್ನೂ ವರ್ಷವಾಗಿರಲಿಲ್ಲ.

ಹನ್ನೊಂದು ವರ್ಷದಿಂದ ಅವನು ಹುಬ್ಬಳ್ಳಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಶಿರಸಿಗೆ ಬಂದು ಹೋಗುವ ಗಂಡ. ಈ ಜೂನ್‌ನಲ್ಲಿ ಇಬ್ಬರನ್ನೂ ಹುಬ್ಬಳ್ಳಿಗೆ ಕರೆದೊಯ್ಯಬೇಕು. ತೀರ್ಮಾನವನ್ನು ವೇದಾ ಮಗಳಿಗೇ ಬಿಟ್ಟಿದ್ದಳು. ಒಟ್ಟಿಗೆ ಜಾರಿ, ನೀರಿಗೆ ಬಿದ್ದು, ನಗುತ್ತಿರುವಾಗ ಕೇಳುವುದೆಂದು ಅವನು ಲೆಕ್ಕ ಹಾಕಿದ್ದ.

ನಾಲ್ಕೇ ಮೆಟ್ಟಿಲು ಉಳಿದಿದ್ದಾಗ ಗುಡುಗಿತು. ಸೀಟಿ ಕೇಳಿಸಿತು.

"ಇಳೀರ್ರಿ ಸರ, ಇಳೀರ್ರಿ!" ಕಾವಲಿನ ಮಡಿವಾಳಪ್ಪ ಕೂಗಿದ. ಬನವಾಸಿ ಕಡೆಯವನು.

"ಒಂದೇ ಸಲ ಬಿಡಿ."

"ಇವತ್ತು ಜಾರಿದ್ರ ಕೆಳಗ ಹೋಗಂಗಿಲ್ಲ ಸರ, ಸೀದಾ ಮ್ಯಾಲೇ ಹೊಕ್ಕೀರಿ!"

ದುಡ್ಡು ಕೊಟ್ಟು ನೆನೆಯಲು ಬಂದ ಜನ ಪುಕ್ಕಟೆ ನೆನೆಯುವುದಕ್ಕೆ ಹೆದರಿ ತಗಡಿನ ಚಪ್ಪರದಡಿಗೆ ಓಡಿದರು. ಅಲ್ಲಿ ಯಾರಿಗೂ ಬೇಸರವಿರಲಿಲ್ಲ. ಸಿದ್ದಾಪುರದಿಂದ ವ್ಯಾನು ಮಾಡಿಕೊಂಡು ಬಂದ ಹೆಂಗಸರು ಚಕ್ಕುಲಿ ಹಂಚಿದರು. ಅಂತ್ಯಾಕ್ಷರಿ ಶುರುವಾಯಿತು. ವೇದಾ ಅವರ ಜತೆ ಹಾಡತೊಡಗಿದಳು. ಅವಳಿಗೆ ಇಷ್ಟು ಹಾಡು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಅವನು ಕಂಬಕ್ಕೆ ಒರಗಿ ನಕ್ಕ. ಎಲ್ಲರೂ ನಗುವಾಗ ನಗದಿದ್ದರೆ ಎದ್ದು ಕಾಣುತ್ತದೆ.

"ಅಪ್ಪಾ, ಇವತ್ತು ಪೂರ್ತಿ ಬಂದ್ ಆಜಡ. ಇದೇ ಟಿಕೀಟಲ್ಲಿ ಇನ್ನೊಂದಿನ ಬಪ್ಲಕ್ಕಡ!" ಇನ್ನೊಂದು ದಿನ ಬರಬಹುದೆಂಬ ಖುಷಿಯಲ್ಲಿ ಅಭಿಜ್ಞಾ ಕುಣಿಯುತ್ತ ಬಂದಳು.

ಅವನು ನಾಳೆ ಹೊರಡುವವನು. ಅಲ್ಲೇ ಕೇಳಿಬಿಟ್ಟ.

"ಜೂನಿಂದ ಎಂಗ ಹುಬ್ಬಳ್ಳಿಲಿ ಒಟ್ಟಿಗೇ ಇಪ್ಪನ, ಆಗ್ದಾ?"

ಮಗಳು ಕಿಸಕ್ಕನೆ ನಕ್ಕಳು. "ಅಮ್ಮಾ, ಅಪ್ಪಂಗೆ ಮಾತೇ ಮರ್ತೋಜು! ಎಂಗ ಅಂದ್ರೆ ಆನು ಇಲ್ಲೆ. ನಂಗ ಹೇಳವು. ಎನ್ನ ಬಿಟ್ಟು ಅಲ್ಲಿ ಮತ್ಯಾರಿದ್ದ ಅಪ್ಪಾ?"

ಅವರ ಮನೆಮಾತಿನಲ್ಲಿ 'ನಾವು' ಎರಡು. ಕೇಳುವವರನ್ನು ಸೇರಿಸಿಕೊಂಡರೆ 'ನಂಗ', ಬಿಟ್ಟರೆ 'ಎಂಗ'. ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷ ಒಂದೇ 'ನಾವು' ಬಳಸಿದವನಿಗೆ ಆ ಭೇದ ಮರೆತುಹೋಗಿತ್ತು. ವೇದಾ ನಕ್ಕಳು, ಚಕ್ಕುಲಿಯ ಹೆಂಗಸರೂ ನಕ್ಕರು. ಅವನೂ.

"ಅದಿರಲಿ ಕೂಸೆ. ನೀ ಬತ್ಯ, ಇಲ್ಯ?"

ಅವಳ ಕಣ್ಣು ಮಳೆಯ ಮೇಲಿತ್ತು. "ನೀ ಹೋಗ್ಬಾ ಅಪ್ಪಾ. ಎಂಗ ನಾಡಿದ್ದು ಮತ್ತೆ ಇಲ್ಲಿಗೆ ಬತ್ಯ."

"ಜೂನಲ್ಲಿ?"

"ಜೂನಲ್ಲಿ ಎಂಗಳ ಶಾಲೆ ಇಲ್ಲೇ ಶುರುವಾಗ್ತು."

ಅವಳ ವ್ಯಾಕರಣ ಸರಿಯಾಗಿತ್ತು.

"ಚಕ್ಕುಲಿ ಬೇಕ?" ಎಂದಳು ವೇದಾ.

ಮಳೆ ನಿಂತಿತು. ಆಚೆ ಮಡಿವಾಳಪ್ಪ ತಿರುಗುವ ತೊಟ್ಟಿಲನ್ನು ಪರೀಕ್ಷೆಗೆಂದು ಓಡಿಸಲು ಅಣಿಯಾದ. ನಿಯಮವಿರಬೇಕು, ಖಾಲಿ ಆಸನಗಳಿಗೂ ಒಂದೊಂದಾಗಿ ಸರಪಳಿ ಬಿಗಿದ, ಯಾರೂ ಬೀಳದಂತೆ. ತೊಟ್ಟಿಲು ತಿರುಗಿತು. ಆಸನಗಳು ತುಂಬಿಕೊಂಡ ನೀರನ್ನು ಸುರಿಸುತ್ತ ಮೇಲೇರಿ, ಬರಿದಾಗಿ ಇಳಿದು ಬಂದವು. ಮಕ್ಕಳು ಚಪ್ಪಾಳೆ ತಟ್ಟಿದರು; ಅಭಿಜ್ಞಾ ಎಲ್ಲರಿಗಿಂತ ಜೋರಾಗಿ.

ಆ ದಿನ ಅವನಿಗೆ ಮರೆತ ಒಂದು ಶಬ್ದ ಸಿಕ್ಕಿತು. ಮಗಳು ಸಿಗಲಿಲ್ಲ.