ಅಪ್ಪನ ಕಿವಿ

ತಮ್ಮನಿಗೆ ನಾನಿಟ್ಟ ಹೆಸರು ಸುತ್ತಿಗೆ ಸಾಹೇಬ. ನಟ್ಟು ಬಿಗಿಯಾದರೂ ಏಟು, ಸಡಿಲವಾದರೂ ಏಟು. ಅಂಥವನಿಗೂ ನನಗೂ ಅಪ್ಪ ಒಂದೇ ಪರೀಕ್ಷೆ ಇಟ್ಟರು. ಇಬ್ಬರೂ ಒಂದೊಂದು ಕಾರಿನ ಗೇರ್‌ಬಾಕ್ಸ್ ಬಿಚ್ಚಿ ಹೊಸ ಬೇರಿಂಗ್ ಹಾಕಬೇಕು, ಯಾರದು ಸದ್ದಿಲ್ಲದೆ ತಿರುಗುತ್ತದೋ ಅವರ ಕೈಗೆ ಅಪ್ಪನ ಗ್ಯಾರೇಜು. ನನಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ. ಓದು ಬಿಟ್ಟು, ನೋಡಲು ಬಂದ ಗಂಡುಗಳನ್ನೆಲ್ಲ ಬೇಡವೆಂದು, ಆ ಗ್ರೀಸಿನ ನಡುವೆಯೇ ಬೆಳೆದವಳು ನಾನು.

"ಗೇರಿನ ಹಲ್ಲುಗಳು ಒಂದನ್ನೊಂದು ತಳ್ಳಿಕೊಂಡೇ ತಿರುಗ್ತವೆ ಮಗಳೇ," ಎಂದು ಅಪ್ಪನೇ ಕಲಿಸಿದ್ದರು. "ಆ ತಳ್ಳಾಟಕ್ಕೆ ಗೇರು ಹೊತ್ತ ಶಾಫ್ಟು ಅಲ್ಲಾಡಬಾರದು, ಹಿಡಕೊಳ್ಳಲೂಬಾರದು. ಅದಕ್ಕೇ ಬೇರಿಂಗ್ ಇರೋದು. ಅದು ಹೋಯ್ತೋ, ಹಲ್ಲು ಹಲ್ಲನ್ನೇ ತಿನ್ನುತ್ತೆ."

ಬೇರಿಂಗ್ ಅಂದರೆ ಒಂದರೊಳಗೊಂದು ಎರಡು ಬಳೆ, ನಡುವೆ ಉಕ್ಕಿನ ಗುಂಡುಗಳು. ಅದನ್ನು ಶಾಫ್ಟಿಗೆ ಕೂರಿಸುವಾಗ ಒಳಬಳೆಯ ಮೇಲೆ ಕೊಳವೆ ಇಟ್ಟು ತಟ್ಟಬೇಕು. ತಮ್ಮನೋ ಕೈಗೆ ಸಿಕ್ಕ ಅಗಲದ ಕೊಳವೆಯನ್ನು ಹೊರಬಳೆಯ ಮೇಲಿಟ್ಟು ಬಾರಿಸಿದ. ಏಟೆಲ್ಲ ನಡುವಿನ ಗುಂಡುಗಳ ಮೇಲೆ ಬಿತ್ತು.

"ಲೋ, ಗುಂಡು ಓಡಾಡೋ ಜಾಗ ತಗ್ಗು ಬೀಳುತ್ತೋ!" ಅಂದೆ.

"ನಿನ್ನ ಕೆಲಸ ನೀನು ನೋಡ್ಕೊಳ್ಳಕ್ಕಾ."

ಎರಡೂ ಕಾರುಗಳನ್ನು ಜಾಕಿನ ಮೇಲೆತ್ತಿ, ಒಂದಾದ ಮೇಲೊಂದು ಮೂರನೇ ಗೇರಿನಲ್ಲಿ ಓಡಿಸಿದೆವು. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೂ ಹಿಡಿಯನ್ನು ಕಿವಿಗೂ ಆನಿಸಿ ಕಣ್ಣು ಮುಚ್ಚಿದರು. ನನ್ನದರಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ತಮ್ಮನದು ಊಳಿಡುತ್ತಿತ್ತು, ಬಾಗಿಲ ಬಳಿ ನಿಂತ ನನಗೇ ಕೇಳುತ್ತಿತ್ತು.

"ಎರಡೂ ಚೆನ್ನಾಗಿವೆ," ಅಂದರು ಅಪ್ಪ. "ಎರಡೂ ಸಮ ಅಂದ್ಮೇಲೆ ಗ್ಯಾರೇಜು ಮಗನಿಗೇ ಇರಲಿ."

ಆದರೆ ಸಿಟ್ಟಿಗಿಂತ ಮೊದಲು ಬಂದದ್ದು ಅಳು. ಸೂಜಿ ಬಿದ್ದರೂ ಯಾವ ಮೂಲೆಯಲ್ಲೆಂದು ಹೇಳುತ್ತಿದ್ದ ಅಪ್ಪನ ಕಿವಿ ಹೋಗಿದೆ! ನನ್ನ ಪಾಲಿನ ನಷ್ಟ ಮರೆತು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಕೂತು ಅತ್ತೆ. ಒಳ್ಳೆಯ ಡಾಕ್ಟರಿಗೆ ತೋರಿಸೋಣ, ಎಷ್ಟಾದರೂ ಆಗಲಿ ಅಂದೆ. ಅಮ್ಮ ತಲೆ ಎತ್ತದೆ ತರಕಾರಿ ಹೆಚ್ಚುತ್ತಿದ್ದಳು.

ಮರುದಿನ ಅಪ್ಪ ನನ್ನ ಬೆಂಚಿನ ಹತ್ತಿರ ಬಂದು ದನಿ ತಗ್ಗಿಸಿದರು.

"ನಿನ್ನ ತಮ್ಮನ್ನ ಸಾಮಾನು ತರೋಕೆ ಕಳಿಸಿದೀನಿ. ಬರೋದ್ರೊಳಗೆ ಅವನ ಗೇರ್‌ಬಾಕ್ಸ್ ಇಳಿಸಿ ಬೇರಿಂಗ್ ಬದಲಾಯಿಸಿಬಿಡಮ್ಮ. ಅವನಿಗೆ ಗೊತ್ತಾಗೋದು ಬೇಡ, ಪಾಪ, ಬೇಜಾರು ಮಾಡ್ಕೋತಾನೆ."

ನಾನು ಪಿಸುಗುಟ್ಟಿದೆ: "ನಿಮಗೆ... ಕೇಳಿಸಿತ್ತಾ?"

"ಕೇಳಿಸದೆ ಏನು? ಸ್ಕ್ರೂಡ್ರೈವರ್ ಇಡೋಕೆ ಮುಂಚೇನೇ ಕೇಳಿಸ್ತು."

ನನ್ನ ಪಿಸುಮಾತಿಗೂ ಅವರು ತಡವರಿಸದೆ ಉತ್ತರ ಕೊಟ್ಟಿದ್ದರು.

"ಗ್ಯಾರೇಜು ಯಾರದೋ ಅವರೇ ಬಿಚ್ಚಲಿ," ಎಂದು ಸ್ಪ್ಯಾನರ್ ಕೆಳಗಿಟ್ಟೆ.

ಅಪ್ಪನ ಕಿವಿ ನಿಜಕ್ಕೂ ಹೋಗಿದ್ದರೇ ಚೆನ್ನಾಗಿತ್ತು. ಕಿವುಡ ಅಪ್ಪನನ್ನು ನಾನು ಕೊನೆತನಕ ನೋಡಿಕೊಳ್ಳುತ್ತಿದ್ದೆ.